ಕಠಿಣ ಸೈನಿಕ ತರಬೇತಿಗೆ ದೇಹವನ್ನು ಅಣಿಗೊಳಿಸುವ ಬಗೆ

ನಮ್ಮ ಶಾಲೆಯ ಐವತ್ತು ವರುಷಗಳ ಹಾಜರಿ ಪುಸ್ತಕಗಳಲ್ಲಿಯ ಹೆಸರುಗಳು ಮುಂದೆ ಎಲ್ಲೆಲ್ಲಿಗೆ ಹೋಗಿ ಸೇರಿದವೆಂಬುದು ಊರಿನ ಹಿರಿಯರಿಗೆ ಬಾಯಿಪಾಠವಾಗಿದೆ. ಕೆಲವರು ಶಿಕ್ಷಕರಾದರು, ಕೆಲವರು ಸಾಂಗಲಿ, ಸೊಲ್ಲಾಪುರಗಳ ಪೇಟೆಯಲ್ಲಿ ನೆಲೆಯೂರಿದರು, ಬಹಳ ಮಂದಿ ಒಕ್ಕಲುತನದಲ್ಲಿಯೇ ಉಳಿದರು, ಇನ್ನು ಕೆಲವರು ಸೈನ್ಯವನ್ನು ಸೇರಿದರು. ಮಳೆಯನ್ನು ನಂಬಲಾಗದ ಜತ್ತ ಸೀಮೆಯಲ್ಲಿ ಸೈನ್ಯದ ಸಂಬಳವೆಂಬುದು ಎಷ್ಟೋ ಮನೆಗಳಿಗೆ ಬತ್ತದ ಬಾವಿ ಇದ್ದಂತೆ. ಆದುದರಿಂದಲೇ ಇಂದಿಗೂ ನಸುಕಿನಲ್ಲಿ ನಮ್ಮೂರ ಡಾಂಬರು ರಸ್ತೆಯ ಮೇಲೆ ಹುಡುಗರು ಓಡುತ್ತಿರುವುದು ಕಣ್ಣಿಗೆ ಬೀಳುತ್ತದೆ. ಕೆಲವರ ಬೆನ್ನಿಗೆ ಚೀಲ, ಚೀಲದಲ್ಲಿ ಇಟ್ಟಂಗಿ. ಅವರ ಛಲವನ್ನು ಕಂಡು ಸಂತೋಷವಾಗುತ್ತದೆ, ಅವರ ಕಾಲುಗಳನ್ನು ಕಂಡು ಭಯವೂ ಆಗುತ್ತದೆ. ಸಂಪಾದಕ ಮಂಡಳಿಯವರು ಈ ಸಂಚಿಕೆಗೆ ಲೇಖನವೊಂದನ್ನು ಕೇಳಿದಾಗ, ಆ ಭಯದ ಕಾರಣವನ್ನು ವಿವರಿಸುವುದೇ ನನ್ನಿಂದಾಗುವ ಸೇವೆಯೆಂದು ತೋರಿತು.

ಬೆಳಗಾವಿಯಲ್ಲಿ ನಮ್ಮ ಭಾಗದ ತರುಣರಿಗೆ ಸಂಬಂಧಪಟ್ಟ ಎರಡು ಸೈನಿಕ ಸಂಸ್ಥೆಗಳಿವೆ. ಒಂದು, ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್. ಕೊಲ್ಹಾಪುರದ ಭರತಿ ಕಚೇರಿಯ ಮೂಲಕ ಆಯ್ಕೆಯಾದ ಸಾಂಗಲಿ, ಸೊಲ್ಲಾಪುರ ಜಿಲ್ಲೆಗಳ ಹುಡುಗರಲ್ಲಿ ಅನೇಕರು ಅಲ್ಲಿಯೇ ಸಿಪಾಯಿಗಳಾಗಿ ರೂಪುಗೊಳ್ಳುತ್ತಾರೆ. ಇನ್ನೊಂದು, ಪದಾತಿ ಶಾಲೆಯ ಜೂನಿಯರ್ ಲೀಡರ್ಸ್ ವಿಂಗ್. ಅಲ್ಲಿಯ ಕಮಾಂಡೊ ತರಬೇತಿಯು ದೇಶದ ಅತಿ ಕಠಿಣ ತರಬೇತಿಗಳಲ್ಲಿ ಒಂದೆಂದು ಹೆಸರಾಗಿದೆ. ಪ್ರತಿಯೊಂದು ಪದಾತಿ ಬಟಾಲಿಯನ್ನಿನಲ್ಲಿ ಸುಮಾರು 20 ಮಂದಿಯ ಘಾತಕ್ ಎಂಬ ತುಕಡಿ ಇರುತ್ತದೆ. ಶತ್ರುವಿನ ನೆಲೆಯ ಮೇಲೆ ಮೊದಲು ಎರಗುವವರು ಅವರು. 1999ರಲ್ಲಿ ಟೈಗರ್ ಹಿಲ್ ಶಿಖರವನ್ನು ಹಗ್ಗ ಹಿಡಿದು ಏರಿ ಪರಮವೀರ ಚಕ್ರವನ್ನು ಪಡೆದ ಯೋಗೇಂದ್ರ ಸಿಂಗ್ ಯಾದವ್ ಅವರು 18ನೆಯ ಗ್ರೆನೇಡಿಯರ್ಸ್ ಬಟಾಲಿಯನ್ನಿನ ಘಾತಕ್ ತುಕಡಿಯವರು. ಇಂಥ ತುಕಡಿಗಳ ಜವಾನರನ್ನೂ ಅಧಿಕಾರಿಗಳನ್ನೂ ಬೆಳಗಾವಿಯಲ್ಲಿ ತಿದ್ದಿ ತೀಡುತ್ತಾರೆ.

ಅಲ್ಲಿಯ ಕೆಲವೇ ವಾರಗಳ ಅವಧಿಯಲ್ಲಿ ಹಗ್ಗ ಏರುವುದು, ಬಂಡೆಯಿಂದ ಇಳಿಯುವುದು, ಅಡೆತಡೆಗಳ ಓಟ, ಇರುಳಿನಲ್ಲಿ ಕಾಡಿನೊಳಗೆ ದಾರಿ ಹುಡುಕುವುದು, ಬರಿಗೈ ಕಾದಾಟ ಎಲ್ಲವೂ ಉಂಟು. ನಿದ್ರೆ ಮಾತ್ರ ಕಡಿಮೆ. ಇವೆಲ್ಲಕ್ಕೂ ಮಿಗಿಲಾದುದು ವೇಗನಡಿಗೆ. ಬೆನ್ನಿನ ಮೇಲೆ ಯುದ್ಧದ ಭಾರ, ಕೈಯಲ್ಲಿ ಬಂದೂಕು ಹಿಡಿದು 10 ಕಿಲೋಮೀಟರಿನಿಂದ ಆರಂಭಿಸಿ 40 ಕಿಲೋಮೀಟರಿನವರೆಗೆ ದೂರವನ್ನು ಏರಿಸುತ್ತ ಹೋಗುವ ನಡಿಗೆ ಅದು. ನಡಿಗೆ ಎಂಬುದು ಹೆಸರಿಗೆ ಮಾತ್ರ. ಸಮಯ ಮುಟ್ಟಬೇಕಾದರೆ ಅರ್ಧ ದೂರವನ್ನಾದರೂ ಓಡಲೇಬೇಕು.

ಇಲ್ಲಿ ನಮ್ಮ ಹುಡುಗರು ಎಡವುವ ಒಂದು ತಪ್ಪು ತಿಳಿವಳಿಕೆ ಇದೆ. ಭರತಿಯ ಮೈದಾನದಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿ, ಬೀಮ್ ಎಂದು ಕರೆಯುವ ಅಡ್ಡಗಂಬಿಗೆ ಜೋತು ದೇಹವನ್ನು 10 ಸಲ ಎತ್ತಿದವನಿಗೆ ಪೂರ್ಣ ಅಂಕಗಳು. ಆ ಅಂಕ ಬಂದವನು ತನ್ನ ದೇಹ ಸಿದ್ಧವಾಯಿತೆಂದು ಭಾವಿಸುತ್ತಾನೆ. ಐದೂವರೆ ನಿಮಿಷದ ಪರೀಕ್ಷೆಗೆ ಬೇಕಾಗುವುದು ಮುಖ್ಯವಾಗಿ ಶ್ವಾಸ ಮತ್ತು ಚುರುಕು. ಭಾರ ಹೊತ್ತು ಐದಾರು ತಾಸು ನಡೆಯುವುದಕ್ಕೆ ಬೇಕಾಗುವುದು ಎಲುಬು, ಸ್ನಾಯುರಜ್ಜು ಮತ್ತು ಪಾದ. ದೇಹದ ಈ ಅಂಗಗಳು ಒಂದೇ ವೇಗದಲ್ಲಿ ಬಲಗೊಳ್ಳುವುದಿಲ್ಲ ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ.

ಈ ಮಾತನ್ನು ನಾನು ಮೊದಲು ಕಲಿತುದು ಪುಸ್ತಕದಿಂದಲ್ಲ. 1994ರಲ್ಲಿ ಇಂಥದೇ ಒಂದು ತರಬೇತಿಗೆ ನನ್ನ ಹೆಸರು ಬಂದಾಗ ಕೈಯಲ್ಲಿದ್ದ ಕಾಲ ಆರು ವಾರ. ರಜೆಯ ಮೇಲೆ ಊರಿಗೆ ಬಂದವನೇ ಇಂದಿನ ಹುಡುಗರು ಮಾಡುವುದನ್ನೇ ಮಾಡಿದೆ: ದಿನವೂ ಡಾಂಬರು ರಸ್ತೆ, ದಿನವೂ ಭಾರ. ನಾಲ್ಕನೆಯ ವಾರಕ್ಕೆ ಉಸಿರು ಕುದುರೆಯಂತಾಯಿತು. ಗೆಳೆಯರ ಮುಂದೆ ಎದೆಯುಬ್ಬಿಸಿದೆ. ತರಬೇತಿಯ ಒಂಬತ್ತನೆಯ ದಿನ ಎಡಗಾಲಿನ ಮೊಣಕಾಲ ಕೆಳಗಿನ ಎಲುಬಿನಲ್ಲಿ, ಎಂಟಾಣೆ ಬಿಲ್ಲೆಯಷ್ಟು ಜಾಗದಲ್ಲಿ ನೋವು ಕಾಣಿಸಿಕೊಂಡಿತು. ಎಕ್ಸ್-ರೇ ತೆಗೆದರೆ ಏನೂ ಕಾಣಲಿಲ್ಲ. ನೋವನ್ನು ನುಂಗಿಕೊಂಡು ನಡೆದೆ. ಎರಡು ವಾರದ ನಂತರದ ಚಿತ್ರದಲ್ಲಿ ಕೂದಲೆಳೆಯಂಥ ಬಿರುಕು ಸ್ಪಷ್ಟವಾಗಿತ್ತು. ತರಬೇತಿ ಅಲ್ಲಿಗೆ ಮುಗಿಯಿತು. ತುಕಡಿಗೆ ಮರಳಿ ಹೋದ ದಿನದ ಮುಖಭಂಗ ಇಂದಿಗೂ ನೆನಪಿದೆ. ಮರುವರ್ಷ ಏಳು ತಿಂಗಳ ಸಿದ್ಧತೆ ಮಾಡಿಕೊಂಡು ಹೋಗಿ ಅದನ್ನೇ ಮುಗಿಸಿ ಬಂದೆ. ಎರಡು ಸಲವೂ ಉಸಿರು ಒಂದೇ ಬಗೆಯದಾಗಿತ್ತು. ವ್ಯತ್ಯಾಸವಾದುದು ಎಲುಬಿನಲ್ಲಿ.

ಹೀಗೇಕೆ ಆಗುತ್ತದೆಂಬುದನ್ನು ತುಸು ವಿವರವಾಗಿ ನೋಡೋಣ. ಓಟವನ್ನು ಆರಂಭಿಸಿದ ಒಂದೆರಡು ವಾರದಲ್ಲಿಯೇ ರಕ್ತದಲ್ಲಿಯ ದ್ರವಾಂಶ ಹೆಚ್ಚುತ್ತದೆ; ಹೃದಯವು ಪ್ರತಿ ಬಡಿತಕ್ಕೆ ಹೆಚ್ಚು ರಕ್ತವನ್ನು ದೂಡತೊಡಗುತ್ತದೆ. ಮೂರು ನಾಲ್ಕು ವಾರಗಳಲ್ಲಿ ಏದುಸಿರು ಕಡಿಮೆಯಾಗುತ್ತದೆ. ಮಾಂಸಖಂಡಗಳು ಕಣ್ಣಿಗೆ ಕಾಣುವಂತೆ ಬಲಿಯಲು ಎರಡು ತಿಂಗಳು ಸಾಕು. ಎಲುಬಿನ ವ್ಯವಹಾರವೇ ಬೇರೆ. ಎಲುಬು ಜಡವಾದ ಕಂಬವಲ್ಲ. ಹೊಸ ಭಾರ ಬಿದ್ದಾಗ ಅದು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಜೀವಂತ ವಸ್ತು. ಆದರೆ ಹಳೆಯ ಮನೆಯನ್ನು ದುರಸ್ತಿ ಮಾಡುವವನು ಸಡಿಲವಾದ ಗೋಡೆಯನ್ನು ಮೊದಲು ಕೆಡವಿ ಆಮೇಲೆ ಹೊಸದನ್ನು ಕಟ್ಟುವಂತೆ, ದೇಹವೂ ಹಳೆಯ ಎಲುಬಿನ ಕಣಗಳನ್ನು ಮೊದಲು ಕೊರೆದು ತೆಗೆಯುತ್ತದೆ. ಈ ಕೆಡವುವ ಕೆಲಸಕ್ಕೆ ಕೆಲವು ವಾರ ಸಾಕು. ಕಟ್ಟಿ ಗಟ್ಟಿಗೊಳಿಸಲು ಮೂರು ತಿಂಗಳಿಗೂ ಮಿಕ್ಕಿ ಬೇಕು. ಆದುದರಿಂದ ಹೊಸ ಶ್ರಮ ಆರಂಭವಾದ ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಎಲುಬು ಮೊದಲಿಗಿಂತ ದುರ್ಬಲವಾಗಿಯೇ ಇರುವ ಸಂಭವ ಉಂಟು. ಉಸಿರು ಹಗುರವಾಗಿ ಹುಡುಗನ ಉತ್ಸಾಹ ಏರುವ ಕಾಲವೂ ಅದೇ. ಅಪಾಯ ಇರುವುದು ಈ ಕೂಟದಲ್ಲಿ.

1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯದ ಸೇನಾ ವೈದ್ಯನು ದೂರದ ನಡಿಗೆ ಮಾಡಿದ ಸಿಪಾಯಿಗಳ ಪಾದಗಳು ಬಾತು ನೋಯುವುದನ್ನು ಕುರಿತು ಬರೆದನು. ಕಾರಣ ಅವನಿಗೆ ತಿಳಿಯಲಿಲ್ಲ. 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ಬಳಿಕವೇ ಅವು ಪಾದದ ಎಲುಬುಗಳ ಸಣ್ಣ ಬಿರುಕುಗಳೆಂದು ಗೊತ್ತಾದುದು. ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವೇನೂ ಇಲ್ಲ. ಒಂದು ಹೆಜ್ಜೆಗೆ 80 ಸೆಂಟಿಮೀಟರ್ ಹಿಡಿದರೆ 40 ಕಿಲೋಮೀಟರಿಗೆ 50,000 ಹೆಜ್ಜೆಗಳಾಗುತ್ತವೆ. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಎರಡೂವರೆ ಪಟ್ಟಿನಷ್ಟು. ಬೆನ್ನಿನ ಭಾರ ಇದರ ಮೇಲೆ.

ಆದ್ದರಿಂದ ಸಿದ್ಧತೆಗೆ ಕನಿಷ್ಠ ಆರು ತಿಂಗಳು ಬೇಕು. ಮೊದಲ ಎರಡು ತಿಂಗಳು ಬೆನ್ನಿಗೆ ಭಾರವೇ ಬೇಡ. ವಾರಕ್ಕೆ ನಾಲ್ಕು ದಿನ ಹೊಲದ ಬಂಡಿದಾರಿಯಲ್ಲಿ, ಮೈದಾನದ ಮಣ್ಣಿನಲ್ಲಿ ಓಡುವುದು. ಜೊತೆಗಾರನೊಡನೆ ಮಾತನಾಡುತ್ತ ಓಡಲು ಬರುವಷ್ಟೇ ವೇಗ. ವಾರದ ಒಟ್ಟು ದೂರ 12 ರಿಂದ 15 ಕಿಲೋಮೀಟರಿನಿಂದ ಆರಂಭವಾಗಿ, ಪ್ರತಿ ವಾರ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರದಂತೆ, ಎರಡು ತಿಂಗಳಿಗೆ 25ರ ಆಸುಪಾಸಿಗೆ ಬಂದರೆ ಸಾಕು. ಪ್ರತಿ ನಾಲ್ಕನೆಯ ವಾರ ದೂರವನ್ನು ಕಡಿಮೆ ಮಾಡಬೇಕು. ಈ ಕಡಿಮೆ ಮಾಡುವ ವಾರವನ್ನು ಹುಡುಗರು ಸೋಮಾರಿತನವೆಂದು ತಿಳಿಯುತ್ತಾರೆ. ಎಲುಬು ಕಟ್ಟಿಕೊಳ್ಳುವುದು ಆ ವಾರದಲ್ಲಿಯೇ.

ಓಟವಿಲ್ಲದ ಎರಡು ದಿನ ನಮ್ಮ ಗರಡಿಮನೆಗೆ ಹೋಗಬೇಕು. ದಂಡ, ಬೈಠಕ್, ಕರಲಾಕಟ್ಟೆ, ಮಲ್ಲಕಂಬ ಇವುಗಳಿಗಿಂತ ಉತ್ತಮವಾದುದನ್ನು ಪೇಟೆಯ ಯಂತ್ರಗಳು ಕೊಡಲಾರವೆಂಬುದು ನನ್ನ ಅಭಿಪ್ರಾಯ. ಹಗ್ಗದ ಮಲ್ಲಕಂಬವನ್ನು ಬಲ್ಲವನಿಗೆ ಸೈನ್ಯದ ಹಗ್ಗ ಆಟಿಕೆ. ಹಿಡಿತ, ಹೆಗಲು, ಸೊಂಟ ಮೂರೂ ಅದರಲ್ಲಿ ಪಳಗುತ್ತವೆ. ಗುಂಡುಕಲ್ಲನ್ನು ಎತ್ತುವ ರೂಢಿಯಿರುವ ಊರುಗಳಲ್ಲಿ, ತಿಳಿದ ವಸ್ತಾದರ ಕಣ್ಣಮುಂದೆ, ಅದನ್ನೂ ಮಾಡಬಹುದು. ಆದರೆ ಗರಡಿಯ ಒಂದು ಕೆಟ್ಟ ಚಾಳಿಯನ್ನು ಬಿಡಬೇಕು: ಪಂಥ ಕಟ್ಟಿ ಮೊದಲ ದಿನವೇ ಐನೂರು, ಸಾವಿರ ಬೈಠಕ್ ಹೊಡೆಯುವುದು. ರೂಢಿಯಿಲ್ಲದ ತೊಡೆಗಳು ಹೀಗೆ ದಣಿದಾಗ ಮಾಂಸಖಂಡಗಳು ಒಡೆದು, ಅದರೊಳಗಿನ ದ್ರವ್ಯ ರಕ್ತಕ್ಕೆ ಇಳಿದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮರುದಿನವೋ ಅದರ ಮರುದಿನವೋ ಮೂತ್ರವು ಕರಿಚಹದ ಬಣ್ಣಕ್ಕೆ ತಿರುಗಿದರೆ, ತೊಡೆ ಬಾತು ಬಿಗಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದು ಮನೆಯ ಔಷಧಿಗೆ ಬಗ್ಗುವ ಬೇನೆಯಲ್ಲ.

ಮೂರನೆಯ ತಿಂಗಳಿನಿಂದ ಭಾರ. ಅದೂ ವಾರಕ್ಕೆ ಒಂದೇ ಸಲ. ಭಾರದ ನಡಿಗೆಗೆ ಭಾರದ ನಡಿಗೆಯೇ ಅಭ್ಯಾಸವಾಗಬೇಕೆಂಬುದು ನಿಜ. ಆದರೆ ವಾರಕ್ಕೊಮ್ಮೆ ಮಾಡಿದವನು ಗಳಿಸುವ ಲಾಭಕ್ಕಿಂತ ದಿನವೂ ಮಾಡಿದವನು ಹೆಚ್ಚೇನೂ ಗಳಿಸುವುದಿಲ್ಲ, ಕಳೆದುಕೊಳ್ಳುವುದು ಮಾತ್ರ ಬಹಳ. 8 ಕಿಲೋ ಭಾರದಿಂದ, 5 ಕಿಲೋಮೀಟರಿನಿಂದ ಆರಂಭಿಸಿ, ಒಂದು ವಾರ ದೂರ ಹೆಚ್ಚಿಸಿದರೆ ಇನ್ನೊಂದು ವಾರ ತೂಕ ಹೆಚ್ಚಿಸಬೇಕು. ಎರಡನ್ನೂ ಒಟ್ಟಿಗೆ ಏರಿಸಕೂಡದು. ಐದನೆಯ ತಿಂಗಳಿನ ಕೊನೆಗೆ 18 ರಿಂದ 20 ಕಿಲೋ ಹೊತ್ತು 15 ಕಿಲೋಮೀಟರ್, ಆರನೆಯ ತಿಂಗಳಿನಲ್ಲಿ ಒಂದೆರಡು ಸಲ 20 ಕಿಲೋಮೀಟರ್ ನಡೆದರೆ ಸಾಕು. ನಲವತ್ತನ್ನು ಮನೆಯಲ್ಲಿಯೇ ನಡೆದು ನೋಡಬೇಕೆಂಬ ಹಟ ಬೇಡ. ಅದನ್ನು ಮಾಡಿಸುವುದಕ್ಕೆಂದೇ ಅಲ್ಲಿ ಉಸ್ತಾದರು ಇದ್ದಾರೆ. ಭಾರ ಹೊತ್ತು ಮನೆಯಲ್ಲಿ ಓಡಲೂ ಬೇಡ. ದಾಪುಗಾಲು ಹಾಕದೆ, ಚಿಕ್ಕ ಹೆಜ್ಜೆಗಳನ್ನು ಚುರುಕಾಗಿ ಇಡುವುದನ್ನು ರೂಢಿಸಿಕೊಂಡರೆ ವೇಗ ತಾನಾಗಿಯೇ ಬರುತ್ತದೆ.

ಚೀಲವನ್ನು ತುಂಬುವುದರಲ್ಲಿಯೂ ಒಂದು ಶಾಸ್ತ್ರವಿದೆ. ಇಟ್ಟಂಗಿಯ ಮೂಲೆ ಬೆನ್ನೆಲುಬಿಗೆ ಬಡಿಯುತ್ತದೆ, ತೂಕ ಚೀಲದ ತಳಕ್ಕೆ ಇಳಿದು ನಡುವನ್ನು ಹಿಂದಕ್ಕೆ ಎಳೆಯುತ್ತದೆ. ಸಣ್ಣ ಸಣ್ಣ ಚೀಲಗಳಲ್ಲಿ ಮರಳನ್ನೋ ಜೋಳವನ್ನೋ ಕಟ್ಟಿ, ಕೆಳಗೆ ಹಳೆಯ ಕಂಬಳಿ ತುರುಕಿ, ತೂಕವು ಹೆಗಲಿನ ಹಿಂದಿನ ಎಲುಬುಗಳ ಮಟ್ಟಕ್ಕೆ, ಬೆನ್ನಿಗೆ ಒತ್ತಿಕೊಂಡು ಕೂಡುವಂತೆ ಮಾಡಬೇಕು. ಹೆಗಲ ಪಟ್ಟಿ ಕಿರಿದಾಗಿದ್ದರೆ ಕತ್ತಿನಿಂದ ಕೈಗೆ ಇಳಿಯುವ ನರಗಳು ಅದುಮಿ ಬೆರಳು ಜುಮ್ಮೆನ್ನುತ್ತವೆ, ತೋಳು ಎತ್ತಲಾಗದಂತೆಯೂ ಆಗುವುದುಂಟು. ಜುಮ್ಮೆಂದ ಕೂಡಲೇ ಚೀಲವನ್ನು ಇಳಿಸಬೇಕು. ಸೈನಿಕನ ಬೆನ್ನಿನ ಭಾರ ಇಂದಿನ ಸಮಸ್ಯೆಯಲ್ಲ. ಸುಮಾರು ಒಂದು ಸಾವಿರದ ಆರುನೂರು ವರ್ಷಗಳ ಹಿಂದೆ ವೆಜೆಟಿಯಸ್ ಎಂಬ ರೋಮನ್ ಲೇಖಕನು ಹೊಸ ಸಿಪಾಯಿಗಳಿಗೆ 60 ರೋಮನ್ ಪೌಂಡು, ಎಂದರೆ ಸುಮಾರು 20 ಕಿಲೋ ಭಾರ ಹೊತ್ತು ನಡೆಯುವ ರೂಢಿಯನ್ನು ಮಾಡಿಸಬೇಕೆಂದು ಬರೆದಿದ್ದಾನೆ. ಆಯುಧಗಳು ಬದಲಾದವು, ಮನುಷ್ಯನ ಬೆನ್ನು ಅದೇ ಇದೆ.

ಇನ್ನು ಪಾದ. ಈ ವಿಷಯದಲ್ಲಿ ನಮ್ಮ ಯುವಕರು ದೂರ ಹೋಗಬೇಕಾಗಿಲ್ಲ. ಪಂಢರಪುರಕ್ಕೆ ದಿಂಡಿಯಲ್ಲಿ ನಡೆದ ಅಜ್ಜನನ್ನೋ, ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿಬಂದ ಚಿಕ್ಕಪ್ಪನನ್ನೋ ಕೇಳಿದರೆ ಸಾಕು. ಅವರು ಯಾರೂ ಯಾತ್ರೆಯ ದಿನ ಹೊಸ ಚಪ್ಪಲಿಯನ್ನು ಮೆಟ್ಟುವುದಿಲ್ಲ. ಸೈನ್ಯದ ಬೂಟನ್ನು ಕನಿಷ್ಠ ಎರಡು ತಿಂಗಳು ಮೆಟ್ಟಿ ಪಳಗಿಸಬೇಕು. ಪಾದಕ್ಕೆ ಕಟ್ಟಿದ ತೂಕವು ಬೆನ್ನಿನ ಮೇಲಿನ ಅಷ್ಟೇ ತೂಕಕ್ಕಿಂತ ಹಲವು ಪಟ್ಟು ಹೆಚ್ಚು ದಣಿಸುತ್ತದೆ. ಆದುದರಿಂದ ಓಟಗಾರನಿಗೆ ಹಗುರವಾಗಿ ತೋರಿದ ಕಾಲು ಬೂಟಿನಲ್ಲಿ ಬೇರೆಯೇ ಆಗುತ್ತದೆ. ತೆಳುವಾದ ಕಾಲುಚೀಲದ ಮೇಲೆ ದಪ್ಪನೆಯದನ್ನು ಹಾಕಿದರೆ ತಿಕ್ಕಾಟವು ಎರಡು ಬಟ್ಟೆಗಳ ನಡುವೆ ನಡೆಯುತ್ತದೆ, ಚರ್ಮದ ಮೇಲಲ್ಲ. ಎಲ್ಲಿಯಾದರೂ ಉರಿ ಹತ್ತಿದರೆ ಗುಳ್ಳೆ ಏಳುವ ಮೊದಲೇ ನಿಂತು ಅಂಟುಪಟ್ಟಿ ಹಚ್ಚಬೇಕು. ಎದ್ದ ಗುಳ್ಳೆಯ ಚರ್ಮವನ್ನು ಸುಲಿಯಬಾರದು. ನಮ್ಮ ಒಣ ಎರೆಭೂಮಿಯ ಹುಡುಗರಿಗೆ ಇನ್ನೊಂದು ಎಚ್ಚರಿಕೆ. ಮಳೆಗಾಲದಲ್ಲಿ ಬೆಳಗಾವಿ, ಖಾನಾಪುರದ ಕಾಡುಗಳಲ್ಲಿ ಬೂಟು ದಿನಗಟ್ಟಲೆ ಒಣಗುವುದಿಲ್ಲ. ನೆನೆದು ಬೆಳ್ಳಗಾದ ಪಾದದ ಚರ್ಮ ಹಪ್ಪಳದಂತೆ ಏಳುತ್ತದೆ. ರಾತ್ರಿ ಎಷ್ಟೇ ಸ್ವಲ್ಪ ವಿರಾಮ ದೊರೆತರೂ ಬೂಟು ಬಿಚ್ಚಿ, ಪಾದ ಒರೆಸಿ, ಒಣ ಕಾಲುಚೀಲ ಹಾಕಿಯೇ ಮಲಗಬೇಕು. ಊಟಕ್ಕಿಂತಲೂ ಇದು ಮೊದಲು.

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯಕ್ಕೆ ಬರುತ್ತೇನೆ. 2024ರ ಆಗಸ್ಟ್ ತಿಂಗಳಿನಲ್ಲಿ ಝಾರ್ಖಂಡ ರಾಜ್ಯದಲ್ಲಿ ಅಬಕಾರಿ ಸಿಪಾಯಿಗಳ ಭರತಿ ಆರಂಭವಾಯಿತು. 10 ಕಿಲೋಮೀಟರನ್ನು 60 ನಿಮಿಷದಲ್ಲಿ ಓಡಬೇಕಿತ್ತು. ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ತರುಣರು ಪ್ರಾಣ ಕಳೆದುಕೊಂಡರು. ಒಬ್ಬೊಬ್ಬರ ಸಾವಿಗೂ ಬೇರೆ ಬೇರೆ ಕಾರಣಗಳಿದ್ದಿರಬಹುದು. ಆದರೆ ಸೆಕೆಯಲ್ಲಿ, ಪೂರ್ವಸಿದ್ಧತೆಯಿಲ್ಲದೆ, ನೌಕರಿಯ ಆಸೆಯಿಂದ ದೇಹದ ಮಾತನ್ನು ಮೀರಿ ಓಡುವುದು ಎಷ್ಟು ಅಪಾಯಕರವೆಂಬುದನ್ನು ಆ ಮನೆಗಳ ದುಃಖ ನಮಗೆ ಕಲಿಸಬೇಕು.

ಶ್ರಮಪಡುವ ಮಾಂಸಖಂಡ ಒಲೆಯಿದ್ದಂತೆ. ಆ ಬಿಸಿಯನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ಉಪಾಯ ಬೆವರು. ಬಿಸಿಲಿಗೆ ದೇಹ ಒಗ್ಗಲು 10 ರಿಂದ 14 ದಿನ ಬೇಕು: ಆಗ ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಬಿಸಿಲಿನ ರೂಢಿ ತಪ್ಪಿದರೆ ಕೆಲವೇ ವಾರಗಳಲ್ಲಿ ಈ ಗುಣವೂ ಹೋಗಿಬಿಡುತ್ತದೆ. ನಮ್ಮ ಸೀಮೆಯ ಬೆವರು ಗಾಳಿಗೆ ಆರಿ ತಂಪು ಕೊಡುತ್ತದೆ. ತೇವದ ಹವೆಯಲ್ಲಿ ಅದು ಆರದೆ ಬರಿದೇ ಹರಿದುಹೋಗುತ್ತದೆ. ಆದುದರಿಂದ ಬಿಸಿಲು ಕಂಡವನಿಗೂ ಅಲ್ಲಿಯ ಸೆಕೆ ಹೊಸದು. ಜ್ವರ, ಭೇದಿ ಬಂದು ಎದ್ದ ವಾರ ಕಠಿಣ ಓಟವನ್ನು ಮಾಡಲೇಕೂಡದು.

ಜೊತೆಗಾರನೊಬ್ಬ ಓಡುತ್ತಿದ್ದವನು ತೂರಾಡತೊಡಗಿದರೆ, ಅಸಂಬದ್ಧ ಮಾತನಾಡಿದರೆ, ಕಾರಣವಿಲ್ಲದೆ ಸಿಟ್ಟಾದರೆ ಅದು ಉಷ್ಣಾಘಾತವೆಂದೇ ತಿಳಿಯಬೇಕು. ಚರ್ಮ ಒಣಗಿರುತ್ತದೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಶ್ರಮದಿಂದ ಬಂದ ಉಷ್ಣಾಘಾತದಲ್ಲಿ ಮೈ ಬೆವರಿನಿಂದ ತೊಯ್ದಿರಲೂಬಹುದು. ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ವಾಹನ ಬರಲೆಂದು ಕಾಯದೆ ಬಟ್ಟೆ ಸಡಿಲಿಸಿ, ದನ ನೀರು ಕುಡಿಯುವ ತೊಟ್ಟಿಯಲ್ಲಿಯಾದರೂ ಸರಿ, ತಲೆಯನ್ನು ಮೇಲೆ ಹಿಡಿದುಕೊಂಡು ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸಬೇಕು. ತೊಟ್ಟಿಯಿಲ್ಲದಿದ್ದರೆ ಕೊಡಗಟ್ಟಲೆ ನೀರು ಸುರಿದು ಗಾಳಿ ಬೀಸಬೇಕು. ಮೊದಲು ತಂಪು, ಆಮೇಲೆ ಆಸ್ಪತ್ರೆ. ಈ ಕ್ರಮ ತಲೆಕೆಳಗಾದರೆ ಜೀವ ಉಳಿಯುವುದು ಕಷ್ಟ.

ನೀರಿನ ವಿಷಯದಲ್ಲಿ ಅತಿಯೂ ಸಲ್ಲ. ಬರಿಯ ನೀರನ್ನು ತಾಸಿಗೆ ಒಂದೂವರೆ ಲೀಟರಿಗೂ ಮೀರಿ ಗಂಟೆಗಟ್ಟಲೆ ಕುಡಿದರೆ ರಕ್ತದಲ್ಲಿಯ ಉಪ್ಪಿನಂಶ ಇಳಿದು ಮೆದುಳು ಬಾತು ಪ್ರಾಣಕ್ಕೆ ಎರವಾಗುವುದುಂಟು. ಬಾಯಾರಿಕೆಯನ್ನು ಅನುಸರಿಸಿ ಕುಡಿಯುವುದು, ಉಪ್ಪು ಬೆರೆಸಿದ ಮಜ್ಜಿಗೆಯನ್ನು ಬಳಸುವುದು ಸುರಕ್ಷಿತ. ಓಟಕ್ಕೆ ಮುಂಚೆ ನೋವಿನ ಗುಳಿಗೆಯನ್ನು ನುಂಗುವ ಅಭ್ಯಾಸ ಈಚೆಗೆ ಹಬ್ಬಿದೆ. ಅದು ಬಿರುಕಿನ ಮೊದಲ ನೋವನ್ನು ಮುಚ್ಚಿಡುತ್ತದೆ. ಬೆವರಿ ಒಣಗಿದ ದೇಹದಲ್ಲಿ ಮೂತ್ರಪಿಂಡವನ್ನೂ ಕಾಡುತ್ತದೆ. ಹೆಸರಿಲ್ಲದ ಡಬ್ಬಿಗಳಲ್ಲಿ ಬರುವ ಶಕ್ತಿಯ ಪುಡಿಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ: ಮುಟ್ಟಬೇಡಿ.

ಆಹಾರಕ್ಕೆ ನಮ್ಮ ಮನೆಯ ಅಡಿಗೆಯೇ ಸಾಕು. ಜೋಳದ ರೊಟ್ಟಿ, ಝುಣಕ, ಮೊಳಕೆಯ ಕಾಳು, ಶೇಂಗಾ ಹಿಂಡಿ, ಮೊಸರು, ಒಪ್ಪುವವರಿಗೆ ತತ್ತಿ. ಪ್ರಮಾಣ ಮಾತ್ರ ಶ್ರಮಕ್ಕೆ ತಕ್ಕಂತೆ ಹೆಚ್ಚಬೇಕು. ಆರಂಭಕ್ಕೆ ಮುಂಚೆ ವೈದ್ಯರಲ್ಲಿ ರಕ್ತದ ಹಿಮೊಗ್ಲೋಬಿನ್ ಮತ್ತು ಹೃದಯವನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಈಗ ನಮ್ಮ ಶಾಲೆಯ ಹೆಣ್ಣುಮಕ್ಕಳೂ ಪೊಲೀಸ್ ಮತ್ತು ಸೈನ್ಯದ ಭರತಿಗೆ ಸಿದ್ಧರಾಗುತ್ತಿರುವುದು ಹೆಮ್ಮೆಯ ಸಂಗತಿ. ಅವರ ತಾಯಂದಿರಿಗೆ ಒಂದು ಮಾತು: ಕಠಿಣ ವ್ಯಾಯಾಮದ ನಡುವೆ ತಿಂಗಳ ಮುಟ್ಟು ನಿಂತರೆ ಅದನ್ನು ಸಂಕೋಚದಿಂದ ಮುಚ್ಚಿಡಬೇಡಿರಿ. ಊಟ ಸಾಲುತ್ತಿಲ್ಲವೆಂಬುದಕ್ಕೂ ಎಲುಬು ಸವೆಯುತ್ತಿದೆ ಎಂಬುದಕ್ಕೂ ಅದು ಮೊದಲ ಸೂಚನೆ.

ನಿದ್ರೆಯ ಬಗ್ಗೆ ಮನೆಯ ಹಿರಿಯರಲ್ಲಿ ನನ್ನದೊಂದು ಬಿನ್ನಹ. ನಸುಕಿನಲ್ಲಿ ಓಡಿ ಬಂದ ಹುಡುಗನನ್ನು ಹಗಲೆಲ್ಲ ಹೊಲದ ಕೆಲಸಕ್ಕೆ ಹಚ್ಚಿ, ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಕಳುಹಿಸಿದರೆ ಅವನ ಎಲುಬು ಕಟ್ಟಿಕೊಳ್ಳುವುದು ಯಾವಾಗ? ನಮ್ಮ ಮನೆಗಳ ಕಷ್ಟ ನನಗೆ ತಿಳಿಯದುದಲ್ಲ. ಆದರೂ ಆ ಆರು ತಿಂಗಳು ಅವನ ರಾತ್ರಿಯ ಏಳೆಂಟು ತಾಸುಗಳನ್ನು ಅವನಿಗೇ ಬಿಟ್ಟುಕೊಡಿರಿ. ಅವನು ಬೆರಳಿಟ್ಟು ಒಂದೇ ಜಾಗವನ್ನು ತೋರಿಸಿ ನೋವು ಎಂದರೆ, ಹೆದರುಪುಕ್ಕಲನೆಂದು ಜರೆಯದೆ ಎರಡು ವಾರ ಓಟವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ತೊಡೆ, ಮೀನಖಂಡಗಳಲ್ಲಿ ಹರಡಿದ ಮೈನೋವು ಬೇರೆ. ಎಲುಬಿನ ಮೇಲೆ ಒಂದೇ ಬಿಂದುವಿನಲ್ಲಿ, ಕುಂಟುತ್ತ ಜಿಗಿದರೆ ಚುಚ್ಚುವ ನೋವು ಬೇರೆ.

ಹೊರಡುವ ಮುಂಚಿನ ಹತ್ತು ಹನ್ನೆರಡು ದಿನ ಹೊಸದಾಗಿ ಗಳಿಸುವುದೇನೂ ಇರುವುದಿಲ್ಲ. ದೂರವನ್ನು ಅರ್ಧಕ್ಕೆ ಇಳಿಸಿ, ಭಾರವನ್ನು ಕೆಳಗಿಡಬೇಕು. ಕಾಲಿನ ಉಗುರುಗಳನ್ನು ಹೊರಡುವ ಹಿಂದಿನ ದಿನವಲ್ಲ, ಒಂದು ವಾರ ಮೊದಲೇ ನೇರವಾಗಿ ಕತ್ತರಿಸಬೇಕು. ಮೂಲೆ ಸವರಿದರೆ ಉಗುರು ಒಳಕ್ಕೆ ಬೆಳೆಯುತ್ತದೆ. ಪೆಟ್ಟಿಗೆಯಲ್ಲಿ ಪಳಗಿದ ಬೂಟು, ಆರು ಜೊತೆ ಕಾಲುಚೀಲ, ಅಂಟುಪಟ್ಟಿಯ ಸುರುಳಿ, ಸೂಜಿದಾರ ಇರಲಿ. ಉಂಡಿ, ಚಕ್ಕುಲಿಗಳನ್ನು ತಾಯಂದಿರು ಹೇಗೂ ಕಟ್ಟಿಕೊಡುತ್ತಾರೆ. ಅವು ಮೊದಲ ದಿನವೇ ಜೊತೆಯ ಹುಡುಗರ ಪಾಲಾಗುತ್ತವೆ.